ಬಿಡುವಿನ ದಿನಗಳೂ ದೇಶಾವಕಾಶಿಕವೂ

ನೋಂಪಿ, ಉಪವಾಸ, ನಿಯಮಗಳು ಅಷ್ಟಮಿ-ಚತುರ್ದಶಿಗಳಿಗೂ ದಶಲಕ್ಷಣ ಪರ್ವಕ್ಕೂ ಸೇರಿದವು, ಶನಿವಾರ-ಭಾನುವಾರಗಳು ಮನೆಮಂದಿಯ ವಿಶ್ರಾಂತಿಗೆ ಸೇರಿದವು ಎಂಬ ಒಂದು ವಿಭಜನೆ ಇಂದಿನ ಶ್ರಾವಕ ಕುಟುಂಬಗಳಲ್ಲಿ ಯಾರೂ ಬಾಯಿಬಿಟ್ಟು ಹೇಳದೆಯೇ ನೆಲೆಯೂರಿದೆ. ಪಂಚಾಂಗದ ತಿಥಿ ಒಂದು ಕಡೆ, ಗೋಡೆಯ ಕ್ಯಾಲೆಂಡರಿನ ಕೆಂಪು ಅಂಕೆ ಇನ್ನೊಂದು ಕಡೆ. ಮೊದಲನೆಯ ದಿನ ಬಿಡುವುದಕ್ಕೆ, ಎರಡನೆಯ ದಿನ ಪಡೆಯುವುದಕ್ಕೆ. ಈ ವಿಭಜನೆಗೆ ಶಾಸ್ತ್ರದ ಒಪ್ಪಿಗೆ ಇದೆಯೇ ಎಂಬುದು ವಿಚಾರಾರ್ಹವಾದ ಪ್ರಶ್ನೆ.

ಬಿಡುವಿನ ದಿನವನ್ನು ಸಿನಿಮಾ, ಹೋಟೆಲು, ಅಂಗಡಿಬೀದಿಗಳಲ್ಲಿ ಕಳೆಯುವವರ ಬಗ್ಗೆ ಹೆಚ್ಚು ಚರ್ಚೆ ಬೇಕಿಲ್ಲ. ಅದರ ಉತ್ತರ ಅವರಿಗೂ ಗೊತ್ತು. ಕಠಿನವಾದದ್ದು ಒಳ್ಳೆಯ ಸಂತೋಷಗಳ ವಿಷಯ. ಬೆಳಗಿನ ಬಯಲಿನಲ್ಲಿ ಹಕ್ಕಿಗಳನ್ನು ನೋಡುವುದು, ಕೂಲಿ ಬೇಡದೆ ಒಂದಿಷ್ಟು ಸೇವೆ ಮಾಡುವುದು, ಮನೆಯಿಂದ ಕಟ್ಟಿಕೊಂಡು ಹೋದ ಬುತ್ತಿಯನ್ನು ಮರದ ನೆರಳಿನಲ್ಲಿ ಬಿಚ್ಚುವುದು — ಇಂಥ ನಿರ್ದೋಷವಾದ ಸುಖಕ್ಕೂ ಪರಿಮಾಣ ಬೇಕೇ? ಬೇಕು ಎಂಬುದೇ ಆಚಾರ್ಯ ಸಮಂತಭದ್ರಸ್ವಾಮಿಗಳ ಅಭಿಪ್ರಾಯ. ರತ್ನಕರಂಡಕ ಶ್ರಾವಕಾಚಾರದಲ್ಲಿ ಭೋಗೋಪಭೋಗ ಪರಿಮಾಣ ವ್ರತವನ್ನು ನಿರೂಪಿಸುವಾಗ ಅವರು ನಿಷಿದ್ಧ ವಸ್ತುಗಳ ಮಾತನ್ನಷ್ಟೇ ಆಡುವುದಿಲ್ಲ. ಪ್ರಯೋಜನವುಳ್ಳ ಇಂದ್ರಿಯವಿಷಯಗಳಿಗೂ ಲೆಕ್ಕವಿರಲಿ ಎನ್ನುತ್ತಾರೆ. ಕಾರಣ, ವ್ರತದ ಗುರಿ ವಸ್ತುವಿನ ಮೇಲಿಲ್ಲ, ರಾಗವನ್ನು ತೆಳುವಾಗಿಸುವುದರ ಮೇಲಿದೆ. ಒಮ್ಮೆ ಅನುಭವಿಸಿ ಮುಗಿಯುವುದು ಭೋಗ, ಮತ್ತೆ ಮತ್ತೆ ಅನುಭವಿಸತಕ್ಕದ್ದು ಉಪಭೋಗ ಎಂಬ ಅವರ ವಿಂಗಡಣೆಯನ್ನು ಇಲ್ಲಿ ಅನ್ವಯಿಸಿದರೆ, ಮುಂಜಾನೆ ಕಂಡ ಹಕ್ಕಿ ಭೋಗ, ಕೊರಳಿಗೆ ತೂಗುಬಿಟ್ಟ ದುರ್ಬೀನು ಉಪಭೋಗ. ಹಕ್ಕಿಯನ್ನು ನೋಡಿದ್ದರಿಂದ ಹಕ್ಕಿಗೆ ಒಂದು ಗರಿಯೂ ಕಡಿಮೆಯಾಗಲಿಲ್ಲ ನಿಜ. ನೋಡಿದವನಲ್ಲಿ ಏನು ಹೆಚ್ಚಾಯಿತು ಎಂಬುದು ಬೇರೆ ಲೆಕ್ಕ.

ವಿಷಯ ಕೇವಲ ತರ್ಕದಲ್ಲಿ ಉಳಿಯದಿರಲೆಂದು ಒಂದು ಕುಟುಂಬವನ್ನು ಕಲ್ಪಿಸಿಕೊಳ್ಳಬಹುದು. ಬೆಂಗಳೂರಿನಲ್ಲಿ ವಾಸ, ಗಂಡ-ಹೆಂಡತಿ ಇಬ್ಬರಿಗೂ ಉದ್ಯೋಗ, ಶಾಲೆಗೆ ಹೋಗುವ ಇಬ್ಬರು ಮಕ್ಕಳು, ಮನೆಯಲ್ಲಿ ಎರಡು ಹೊತ್ತು ಸಾಮಾಯಿಕ ತಪ್ಪಿಸದ ಅಜ್ಜಿ. ಫೆಬ್ರವರಿ ತಿಂಗಳ ನಡುವಿನ ಶನಿವಾರ ಬೆಳಕು ಹರಿಯುವ ಮೊದಲೇ ಕಾರು ಹೊರಡುತ್ತದೆ. ದಾರಿಯಲ್ಲಿ ರಾಮನಗರದ ಬಂಡೆಬೆಟ್ಟಗಳ ಕಡೆಗೊಂದು ನೋಟ. ಮದ್ದೂರು ತಾಲ್ಲೂಕಿನ ಆರೆತಿಪ್ಪೂರಿನಲ್ಲಿ ಗಂಗರ ಕಾಲದಿಂದ ಬಂದ ಜಿನಕ್ಷೇತ್ರದ ದರ್ಶನ. ಅಲ್ಲಿಂದ ಅದೇ ತಾಲ್ಲೂಕಿನ ಕೊಕ್ಕರೆಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳನ್ನೂ ಬಣ್ಣದ ಕೊಕ್ಕರೆಗಳನ್ನೂ ನೋಡುವುದು. ಆ ಊರಿನಲ್ಲಿ ಕೈಲಾದ ಸೇವೆ. ಭಾನುವಾರ ಬಡಾವಣೆಯ ಕೆರೆಯ ದಂಡೆಯಲ್ಲಿ ಕಸ ಹೆಕ್ಕುವ ಶ್ರಮದಾನ, ಸಂಜೆ ಬಸದಿ. ಒಂದು ಗಳಿಗೆಯೂ ವ್ಯರ್ಥವಿಲ್ಲ. ನೆರೆಯವರು ಮೆಚ್ಚುತ್ತಾರೆ. ಮೆಚ್ಚತಕ್ಕದ್ದೂ ಹೌದು.

ಫೆಬ್ರವರಿಯ ಆ ದಿನಗಳಿಗೆ ಒಂದು ವಿಶೇಷವಿದೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಪಕ್ಷಿಶಾಸ್ತ್ರ ಪ್ರಯೋಗಾಲಯವೂ ಆಡುಬಾನ್ ಸಂಸ್ಥೆಯೂ ಸೇರಿ 1998ರಲ್ಲಿ ಪ್ರಾರಂಭಿಸಿದ ಹಿತ್ತಿಲ ಹಕ್ಕಿಗಳ ಎಣಿಕೆ ಪ್ರತಿವರ್ಷ ಶುಕ್ರವಾರದಿಂದ ಸೋಮವಾರದವರೆಗೆ ನಾಲ್ಕು ದಿನ ನಡೆಯುತ್ತದೆ. ಭಾರತದವರು 2013ರಿಂದ ಇದರಲ್ಲಿ ಸೇರಿಕೊಂಡಿದ್ದಾರೆ. ನಿಯಮ ಸರಳ: ಎಲ್ಲಿಯಾದರೂ ಸರಿ, ಕಡಿಮೆಯೆಂದರೆ 15 ನಿಮಿಷ ನಿಂತು, ಕಂಡ ಹಕ್ಕಿಗಳ ಹೆಸರನ್ನೂ ಸಂಖ್ಯೆಯನ್ನೂ ಬರೆದು ಕಳುಹಿಸುವುದು. ಸಾಮಾಯಿಕಕ್ಕೆ ಹೇಳಿದ ಎರಡು ಗಳಿಗೆ, ಎಂದರೆ 48 ನಿಮಿಷಗಳ ಮೂರನೆಯ ಒಂದು ಭಾಗವೂ ಅಲ್ಲ.

ಇದಕ್ಕೆ ಶಾಸ್ತ್ರಜ್ಞರಿಂದ ಬರಬಹುದಾದ ಮೊದಲ ಆಕ್ಷೇಪ ಅನರ್ಥದಂಡದ್ದು. ಪ್ರಯೋಜನವಿಲ್ಲದೆ ನೆಲ ಅಗೆಯುವುದು, ನೀರು ಚೆಲ್ಲುವುದು, ಗಿಡ ಮುರಿಯುವುದು ಇವುಗಳ ಸಾಲಿನಲ್ಲೇ ಸುಮ್ಮನೆ ಅಲೆಯುವುದನ್ನೂ ಇತರರನ್ನು ಅಲೆಸುವುದನ್ನೂ ಪ್ರಮಾದಚರ್ಯೆಯೆಂದು ಹೇಳಿದೆ. ಹಕ್ಕಿಗಾಗಿ ನೂರು ಮೈಲಿ ಓಡಾಡುವುದು ಈ ಅಲೆದಾಟವಲ್ಲವೇ? ಇದಕ್ಕೆ ಉತ್ತರವಿಲ್ಲದೆ ಇಲ್ಲ. 2023ರಲ್ಲಿ ಪ್ರಕಟವಾದ ಭಾರತದ ಪಕ್ಷಿಗಳ ಸ್ಥಿತಿಗತಿಯ ವರದಿ 942 ಜಾತಿಯ ಹಕ್ಕಿಗಳನ್ನು ಪರಿಶೀಲಿಸಿತು. ಅದಕ್ಕೆ ಆಧಾರವಾದದ್ದು ಸುಮಾರು 30,000 ಮಂದಿ ಹವ್ಯಾಸಿಗಳು ದಾಖಲಿಸಿದ ಮೂರು ಕೋಟಿಯಷ್ಟು ವೀಕ್ಷಣೆಗಳು. ಯಾವ ಹಕ್ಕಿ ಕುಗ್ಗುತ್ತಿದೆ, ಯಾವುದಕ್ಕೆ ರಕ್ಷಣೆ ಮೊದಲು ಬೇಕು ಎಂಬುದು ಈ ಎಣಿಕೆಯಿಂದಲೇ ತಿಳಿಯುತ್ತದೆ. ಆದಕಾರಣ ಎಣಿಕೆ ನಿಷ್ಪ್ರಯೋಜಕವಲ್ಲ. ಆದರೆ ಎಣಿಕೆಗೆ ಪ್ರಯೋಜನವಿದೆ ಎಂದ ಮಾತ್ರಕ್ಕೆ ಎಣಿಸಲು ಹೊರಟ ಪ್ರತಿಯೊಬ್ಬನ ಪ್ರತಿಯೊಂದು ಹೆಜ್ಜೆಗೂ ಪ್ರಯೋಜನ ಬಂತೆಂದು ತಿಳಿಯಲಾಗದು. ದೊಡ್ಡ ಕಾರ್ಯದ ಪುಣ್ಯವನ್ನು ಸಣ್ಣ ಚಪಲಕ್ಕೆ ಹೊದಿಸುವುದು ಮನಸ್ಸಿಗೆ ಬಹು ಸುಲಭ.

ಹಕ್ಕಿಗಳ ಎಣಿಕೆ ಹುಟ್ಟಿದ ಕಥೆ ಅಹಿಂಸಾವ್ರತಿಗಳೆಲ್ಲ ತಿಳಿಯತಕ್ಕದ್ದು. ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ ಕ್ರಿಸ್‌ಮಸ್ ಹಬ್ಬದ ದಿನ ಗಂಡಸರು ಎರಡು ಪಂಗಡಗಳಾಗಿ ಬಂದೂಕು ಹಿಡಿದು ಹೊರಟು, ಸಿಕ್ಕ ಹಕ್ಕಿಗಳನ್ನೂ ಪ್ರಾಣಿಗಳನ್ನೂ ಹೊಡೆದುರುಳಿಸಿ, ಯಾರ ರಾಶಿ ದೊಡ್ಡದೋ ಅವರು ಗೆದ್ದರೆಂದು ಸಾರುವ ಪದ್ಧತಿಯಿತ್ತು. ಫ್ರಾಂಕ್ ಚಾಪ್‌ಮನ್ ಎಂಬ ಪಕ್ಷಿಶಾಸ್ತ್ರಜ್ಞರು 1900ರ ಡಿಸೆಂಬರ್ 25ರಂದು ಇದಕ್ಕೆ ಬದಲಾಗಿ, ಕೊಲ್ಲದೆ ಎಣಿಸುವ ಕ್ರಮವನ್ನು ಸೂಚಿಸಿದರು. ಮೊದಲ ವರ್ಷ ಬಂದವರು 27 ಮಂದಿ, ಎಣಿಸಿದ ಸ್ಥಳಗಳು 25. ಆ ಎಣಿಕೆ ಇಂದಿಗೂ ನಡೆಯುತ್ತಿದೆ. ಒಂದು ಹಿಂಸಾಕೇಳಿಯನ್ನು ಉಪದೇಶದಿಂದಲ್ಲ, ಇನ್ನೊಂದು ಕೇಳಿಯಿಂದ ಸ್ಥಳಾಂತರಿಸಿದ ಈ ಜಾಣ್ಮೆಯನ್ನು ಯಾರೂ ಶ್ಲಾಘಿಸಬೇಕು. ದ್ರವ್ಯಹಿಂಸೆ ನಿಂತಿತು.

ಭಾವದಲ್ಲಿ ಉಳಿದದ್ದೇನು ಎಂದು ಕೇಳುವುದು ಜೈನವಿಚಾರಕ್ಕೆ ಸಹಜ. ರಾಶಿಯ ಜಾಗದಲ್ಲಿ ಪಟ್ಟಿ ಬಂತು. ಜೀವಮಾನದಲ್ಲಿ ಎಷ್ಟು ಜಾತಿಯ ಹಕ್ಕಿಗಳನ್ನು ಕಂಡೆನೆಂಬ ಲೆಕ್ಕವನ್ನು ಇಟ್ಟು, ಗೆಳೆಯನ ಪಟ್ಟಿ ಹತ್ತು ಹೆಚ್ಚಾಯಿತೆಂದು ನಿದ್ದೆಗೆಡುವವರು ಎಲ್ಲ ಊರುಗಳಲ್ಲೂ ಇದ್ದಾರೆ. ತತ್ತ್ವಾರ್ಥಸೂತ್ರಕಾರರು ಪರಿಗ್ರಹವನ್ನು ವಸ್ತುವಿನಿಂದ ಅಳೆಯಲಿಲ್ಲ, ಮೂರ್ಛೆಯಿಂದ ಅಳೆದರು. ಕೈಯಲ್ಲಿ ಹಿಡಿಯಲಾಗದ, ಪೆಟ್ಟಿಗೆಯಲ್ಲಿ ಇಡಲಾಗದ, ಹಾರಿಹೋದ ಹಕ್ಕಿಯೂ ಹೀಗೆ ಪರಿಗ್ರಹವಾಗಬಲ್ಲುದು. 1209ರಲ್ಲಿ ಜನ್ನಕವಿ ಕನ್ನಡದಲ್ಲಿ ಹೇಳಿದ ಯಶೋಧರನ ಕಥೆಯಲ್ಲಿ ಕಡಿದದ್ದು ಹಿಟ್ಟಿನ ಕೋಳಿಯನ್ನಷ್ಟೇ; ಪ್ರಾಣಿ ಇರಲಿಲ್ಲ, ಸಂಕಲ್ಪವಿತ್ತು, ಅದರ ಫಲ ಜನ್ಮಜನ್ಮಾಂತರಗಳಲ್ಲಿ ಬಂತು. ಪಟ್ಟಿಯ ಚಪಲವನ್ನು ಆ ಘೋರಕ್ಕೆ ಹೋಲಿಸುವುದು ಅತಿಯಾದೀತು. ಆದರೆ ಕಣ್ಣಿಗೆ ಕಾಣುವ ಹಿಂಸೆ ಇಲ್ಲದ ಕಡೆಯಲ್ಲೂ ಬಂಧ ಇರಬಹುದೆಂಬ ತತ್ತ್ವ ಎರಡಕ್ಕೂ ಒಂದೇ. ಭೋಗೋಪಭೋಗ ಪರಿಮಾಣದ ಅತಿಚಾರಗಳಲ್ಲಿ, ಅನುಭವಿಸಿದ ವಿಷಯವನ್ನು ಪದೇ ಪದೇ ನೆನೆದು ಚಪ್ಪರಿಸುವುದೂ ಮುಂದೆ ಬರಬೇಕಾದದ್ದಕ್ಕೆ ಬಾಯಾರುವುದೂ ಸೇರಿವೆ. ಕಾರಿನ ಹಿಂದಿನ ಆಸನದಲ್ಲಿ ಕುಳಿತ ಹುಡುಗ ಹೊರಗೆ ಹಾರುತ್ತಿರುವ ಬೆಳ್ಳಕ್ಕಿಯನ್ನು ನೋಡದೆ, ಮೊಬೈಲಿನಲ್ಲಿ ಬೆಳಗಿನ ಚಿತ್ರಗಳನ್ನೇ ಹಿಂದಕ್ಕೂ ಮುಂದಕ್ಕೂ ಸರಿಸುತ್ತಿದ್ದರೆ, ಈ ಎರಡು ಅತಿಚಾರಗಳಿಗೆ ಬೇರೆ ಉದಾಹರಣೆ ಬೇಡ.

ಹಾಗಾದರೆ ಹೊರಡುವುದೇ ತಪ್ಪೇ? ಅಲ್ಲ. ಹೊರಡುವ ಮೊದಲು ಮಾಡಬೇಕಾದದ್ದೊಂದಿದೆ. ಅದನ್ನು ಶ್ರಾವಕಾಚಾರ ಎಂದೋ ಹೇಳಿಟ್ಟಿದೆ. ಅದೇ ದೇಶಾವಕಾಶಿಕ ವ್ರತ. ದಿಗ್ವ್ರತದಲ್ಲಿ ಜೀವಮಾನಕ್ಕೆಂದು ಹಾಕಿಕೊಂಡ ವಿಸ್ತಾರವಾದ ಎಲ್ಲೆಯನ್ನು ಕೆಲವು ಕಾಲಕ್ಕೆ ಇನ್ನೂ ಕಿರಿದುಗೊಳಿಸುವುದು ಇದರ ಸ್ವರೂಪ. ಎಲ್ಲೆಯಾಗಿ ಸಮಂತಭದ್ರಸ್ವಾಮಿಗಳು ಹೇಳುವುದು ಮನೆ, ಬೀದಿ, ಊರು, ಹೊಲ, ನದಿ, ಕಾಡುಗಳಂಥ ಕಣ್ಣಿಗೆ ಕಾಣುವ ಗುರುತುಗಳನ್ನು. ಕಾಲದ ಅಳತೆ ವರ್ಷದಿಂದ ಹಿಡಿದು ಪಕ್ಷ, ನಕ್ಷತ್ರದವರೆಗೆ ಇಳಿಯುತ್ತದೆ. ಅಂದರೆ ಎರಡು ದಿನದ ವ್ರತ, ಒಂದು ಕೆರೆಯ ಏರಿಯ ವ್ರತ ಶಾಸ್ತ್ರಕ್ಕೆ ಹೊಸದಲ್ಲ. ಎಲ್ಲೆಯ ಆಚೆಗೆ ಸ್ಥೂಲಪಾಪ ಮಾತ್ರವಲ್ಲ ಸೂಕ್ಷ್ಮಪಾಪವೂ ನಿಲ್ಲುವುದರಿಂದ, ಅಷ್ಟು ಕಾಲ ಆ ಕ್ಷೇತ್ರದ ಮಟ್ಟಿಗೆ ಅಣುವ್ರತಿಯಾದ ಗೃಹಸ್ಥನಿಗೂ ಮಹಾವ್ರತ ಸಾಧಿಸಿದಂತಾಗುತ್ತದೆ ಎಂಬ ಮಾತಂತೂ ಸಂಸಾರಿಗಳಿಗೆ ದೊರೆತ ದೊಡ್ಡ ಭರವಸೆ.

ಈ ವ್ರತದ ಐದು ಅತಿಚಾರಗಳನ್ನು ಪಾಠಶಾಲೆಯ ಮಕ್ಕಳು ಬಾಯಿಪಾಠ ಮಾಡುತ್ತಾರೆ. ದೊಡ್ಡವರಾದ ಮೇಲೆ ಅವಕ್ಕೆ ಉಪಯೋಗವೇನೆಂದು ಯಾರಿಗೂ ತೋಚುವುದಿಲ್ಲ. ಎಲ್ಲೆಯೊಳಗೆ ಕುಳಿತೇ ಹೊರಗಿನ ಕೆಲಸ ಸಾಧಿಸುವ ಮನಸ್ಸಿನ ಕಳ್ಳದಾರಿಗಳಿವು. ಮೂಲದಲ್ಲಿ ಇವು ಎಲ್ಲೆಯಾಚೆಯ ಮನುಷ್ಯರೊಡನೆ ನಡೆಸುವ ವ್ಯವಹಾರಕ್ಕೆ ಸಂಬಂಧಿಸಿದವೆಂಬುದನ್ನು ಮರೆಯದೆ, ಹಕ್ಕಿ ನೋಡುವವನ ನಡತೆಯ ಪಕ್ಕದಲ್ಲಿ ಇವನ್ನಿಟ್ಟು ನೋಡಿದರೆ ಆಶ್ಚರ್ಯವಾಗುತ್ತದೆ. ಪುದ್ಗಲಕ್ಷೇಪವೆಂದರೆ ಎಲ್ಲೆಯಾಚೆಗೆ ಕಲ್ಲು-ಹೆಂಟೆ ಎಸೆದು ಗಮನ ಸೆಳೆಯುವುದು. ಜೊಂಡಿನಲ್ಲಿ ಅಡಗಿದ ಹಕ್ಕಿ ಹಾರಲಿ, ಚಿತ್ರಕ್ಕೆ ಸಿಗಲಿ ಎಂದು ಕಲ್ಲೆಸೆಯುವವರು ಇಂದು ಪ್ರತಿ ಕೆರೆಯ ದಂಡೆಯಲ್ಲೂ ಇದ್ದಾರೆ. ಶಬ್ದಾನುಪಾತವೆಂದರೆ ತಾನು ದಾಟದೆ ಕೆಮ್ಮಿಯೋ ಕೂಗಿಯೋ ಆಚೆಯವರನ್ನು ಎಚ್ಚರಿಸುವುದು. ಹಕ್ಕಿಯ ಕೂಗನ್ನು ಮೊದಲೇ ಮುದ್ರಿಸಿಕೊಂಡು ಪೊದೆಯ ಬಳಿ ನುಡಿಸಿ ಅದನ್ನು ಹೊರಗೆಳೆಯುವ ಅಭ್ಯಾಸ ಇದರ ತಮ್ಮನೇ ಸರಿ. ಕೂಗನ್ನು ಕೇಳಿದ ಗಂಡುಹಕ್ಕಿ ತನ್ನ ನೆಲೆಗೆ ಎದುರಾಳಿ ನುಗ್ಗಿದನೆಂದು ಬಗೆದು, ಮೇವನ್ನೂ ಜೊತೆಯನ್ನೂ ಬಿಟ್ಟು ಕಾಳಗಕ್ಕೆ ಬರುತ್ತದೆ. ಬಂದರೆ ಅಲ್ಲಿ ಯಾರೂ ಇಲ್ಲ. ಗೂಡು ಕಟ್ಟುವ ಕಾಲದಲ್ಲಿ ಹೀಗೆ ದಿನಕ್ಕೆ ಹತ್ತು ಸಲ ಮೋಸಹೋದ ಹಕ್ಕಿಯ ಸಂಕಟವನ್ನು ಕೊಲ್ಲಲಿಲ್ಲವೆಂಬ ಕಾರಣಕ್ಕೆ ಅಹಿಂಸೆಯೆಂದು ಕರೆಯಲಾದೀತೇ? ಹಿತ್ತಿಲಿನಲ್ಲಿ ಹಾಡುವ ಮಡಿವಾಳ ಹಕ್ಕಿಯ ಗಾನವೂ ಬಹುಮಟ್ಟಿಗೆ ತನ್ನ ಎಲ್ಲೆ ಸಾರುವ ಘೋಷಣೆಯೇ. ಅದು ವ್ರತವಲ್ಲ, ಕಷಾಯಪ್ರೇರಿತವೇ ಇರಬಹುದು. ಎಲ್ಲೆಯ ಬೆಲೆ ಮಾತ್ರ ಅದಕ್ಕೆ ಗೊತ್ತು.

ರೂಪಾನುಪಾತವೆಂದರೆ ಸುಮ್ಮನೆ ಎದುರಿಗೆ ಕಾಣಿಸಿಕೊಳ್ಳುವುದು. ಗೂಡಿನ ಹತ್ತಿರ ಮನುಷ್ಯಾಕೃತಿ ಕಂಡರೆ ಸಾಕು, ತಾಯಿ ಎದ್ದು ಹೋಗುತ್ತದೆ. ಮೊಟ್ಟೆ ಬಿಸಿಲಿಗೂ ಕಾಗೆಗೂ ತೆರೆದುಕೊಳ್ಳುತ್ತದೆ. ತಾನು ಹೋಗದೆ ಬೇರೆಯವನನ್ನು ಕಳುಹಿಸುವ ಪ್ರೇಷ್ಯಪ್ರಯೋಗಕ್ಕೆ, ಹತ್ತು ರೂಪಾಯಿ ಕೊಟ್ಟು ಊರ ಹುಡುಗನನ್ನು ಪೊದೆಗೆ ನುಗ್ಗಿಸುವುದು ನಿದರ್ಶನ. ಉಳಿದದ್ದು ಆನಯನ, ಹೊರಗಿನದನ್ನು ತರಿಸಿಕೊಳ್ಳುವುದು. ಹಿಂದಿನ ಕಾಲದಲ್ಲಿ ಸರಕು ತರಿಸುತ್ತಿದ್ದರು, ಈಗ ಸುದ್ದಿ ತರಿಸುತ್ತಾರೆ. ಕೊಕ್ಕರೆಬೆಳ್ಳೂರಿನ ಮರದ ಕೆಳಗೆ ನಿಂತವನ ಮೊಬೈಲಿಗೆ, ಇನ್ನಾವುದೋ ಕೆರೆಯಲ್ಲಿ ಅಪರೂಪದ ಬಾತು ಇಳಿದಿದೆ ಎಂಬ ಸಮಾಚಾರ ಬರುತ್ತದೆ. ಕಾಲು ಇಲ್ಲಿದೆ, ಕಣ್ಣು ಇಲ್ಲಿದೆ, ಮನಸ್ಸು ಹೋಯಿತು. ಎಲ್ಲೆಯನ್ನು ಮೊದಲೇ ಹಾಕಿಕೊಂಡವನಿಗೆ ಆ ಸಮಾಚಾರ ಬರೀ ಸಮಾಚಾರ. ಹಾಕಿಕೊಳ್ಳದವನಿಗೆ ಮರದ ಮೇಲಿನ ಹೆಜ್ಜಾರ್ಲೆ ಆ ಕ್ಷಣದಿಂದ ಸಪ್ಪೆ. ಪ್ರಯಾಣದ ಎಣ್ಣೆಯ ಖರ್ಚಿಗಿಂತ ಈ ಸಪ್ಪೆತನವೇ ದೊಡ್ಡ ನಷ್ಟ.

ಇಷ್ಟೆಲ್ಲ ಎಚ್ಚರ ಒಂದು ಹಕ್ಕಿಗಾಗಿಯೇ ಎನ್ನುವವರು ಹಕ್ಕಿಯೆಂದರೆ ಯಾರು ಎಂಬುದನ್ನು ನೆನೆಯಬೇಕು. ಸಂಜ್ಞಿ ಪಂಚೇಂದ್ರಿಯ ತಿರ್ಯಂಚಜೀವಕ್ಕೆ ಐದನೆಯ ಗುಣಸ್ಥಾನದವರೆಗೆ ಏರುವ ಯೋಗ್ಯತೆಯನ್ನು ಸಿದ್ಧಾಂತ ಒಪ್ಪುತ್ತದೆ. ವ್ರತಿಕ ಶ್ರಾವಕನು ನಿಂತಿರುವುದೂ ಅಲ್ಲೇ. ದುರ್ಬೀನಿನ ಎರಡು ತುದಿಗಳಲ್ಲಿರುವ ಜೀವಗಳ ನಡುವೆ ಈ ಮಟ್ಟಿಗೆ ಭೇದವಿಲ್ಲ. ರವಿಷೇಣಾಚಾರ್ಯರ ಪದ್ಮಪುರಾಣದಲ್ಲಿ ರಾಮ-ಸೀತೆಯರು ದಂಡಕಾರಣ್ಯದಲ್ಲಿ ಮುನಿಗಳಿಗೆ ಆಹಾರದಾನ ಮಾಡುವುದನ್ನು ಕಂಡ ಹದ್ದೊಂದು ಜಾತಿಸ್ಮರಣೆಯಿಂದ ಅವರ ಪಾದಕ್ಕೆರಗಿ ಶ್ರಾವಕವ್ರತ ಸ್ವೀಕರಿಸುತ್ತದೆ, ಜಟಾಯು ಅದೇ. ವ್ರತ ಹಿಡಿದದ್ದು ಪಾರಿವಾಳವಲ್ಲ, ಗಿಳಿಯಲ್ಲ, ಹೆಣದ ಮಾಂಸ ತಿನ್ನುವ ಹಕ್ಕಿ ಎಂಬುದನ್ನು ಗಮನಿಸಬೇಕು. ಸೂತ್ರಕಾರರಾದ ಉಮಾಸ್ವಾಮಿಗಳಿಗೂ ಗೃಧ್ರಪಿಂಛಾಚಾರ್ಯರೆಂಬ ಹೆಸರು ಶ್ರವಣಬೆಳಗೊಳದ ಶಾಸನಗಳಲ್ಲಿ ಬರುತ್ತದೆ. ಹದ್ದಿನ ಗರಿಗಳ ಪಿಂಛಿಯನ್ನು ಹಿಡಿದದ್ದರಿಂದ ಆ ಹೆಸರು ಬಂತೆಂಬುದು ಸಂಪ್ರದಾಯ.

ಅಂಥ ಕುಲದ ಇಂದಿನ ಅವಸ್ಥೆ ಮರುಕ ಹುಟ್ಟಿಸುವಂಥದು. ಭಾರತದ ಮೂರು ಜಾತಿಯ ರಣಹದ್ದುಗಳು 1990ರ ದಶಕದಿಂದೀಚೆಗೆ ನೂರಕ್ಕೆ 95ಕ್ಕಿಂತ ಹೆಚ್ಚು ನಾಶವಾದವು. ದನಗಳ ನೋವಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ಔಷಧವೇ ಮುಖ್ಯ ಕಾರಣ. ಅದನ್ನು ಪಡೆದು ಸತ್ತ ದನದ ಮಾಂಸ ತಿಂದ ಹದ್ದುಗಳ ಮೂತ್ರಪಿಂಡ ಕೆಟ್ಟು ಹೋಗುತ್ತಿತ್ತು. ಕಾರಣ ಬೆಳಕಿಗೆ ಬಂದದ್ದು 2004ರಲ್ಲಿ, ಪಶುಚಿಕಿತ್ಸೆಯಲ್ಲಿ ಅದರ ಬಳಕೆಯನ್ನು ಭಾರತ ನಿಷೇಧಿಸಿದ್ದು 2006ರಲ್ಲಿ. ದನಕ್ಕೆ ಔಷಧ ಕೊಟ್ಟವನು ಕ್ರೂರಿಯಲ್ಲ, ದಯಾಳು. ಅವನ ದಯೆ ತನ್ನ ಕೊಟ್ಟಿಗೆಯಾಚೆ ನೋಡಲಿಲ್ಲ, ಅಷ್ಟೆ. ರಾಮನಗರದ ರಾಮದೇವರಬೆಟ್ಟವನ್ನು 2012ರಲ್ಲಿ ರಣಹದ್ದುಗಳಿಗಾಗಿ ಅಭಯಾರಣ್ಯವೆಂದು ಘೋಷಿಸಲಾಯಿತು. ಅಲ್ಲಿ ಉಳಿದಿರುವವು ಬೆರಳೆಣಿಕೆಯಷ್ಟು. ಕಾರಿನ ಕಿಟಕಿಯಿಂದ ಆ ಬಂಡೆಗಳನ್ನು ನೋಡಿ ಹದ್ದು ಕಾಣದೆ ಮುಂದೆ ಹೋಗುವುದೂ ಒಂದು ದರ್ಶನವೇ.

ಇನ್ನು ಸೇವೆಯ ವಿಷಯ. ಶಾಸ್ತ್ರದ ಕಟ್ಟುನಿಟ್ಟಿನ ಅರ್ಥದಲ್ಲಿ ವೈಯಾವೃತ್ತ್ಯ ಸಂಯಮಿಗಳಿಗೆ ಸಲ್ಲತಕ್ಕದ್ದು. ಹಕ್ಕಿಗೆ ಮಾಡುವ ಉಪಚಾರವನ್ನು ಆ ಹೆಸರಿನಿಂದ ಕರೆಯುವುದಕ್ಕಿಂತ, ಜಿನಸೇನಾಚಾರ್ಯರು ಆದಿಪುರಾಣದಲ್ಲಿ ಹೇಳುವ ದಯಾದತ್ತಿಯಲ್ಲಿ ಸೇರಿಸುವುದು ಸರಿ. ಹೆಸರು ಯಾವುದಾದರೇನು ಎನ್ನಬಾರದು. ದಯಾದತ್ತಿಯ ತಿರುಳು ಅಭಯ. ಪರ್ವದ ದಿನ ಸಂತೆಯಲ್ಲಿ ಪಂಜರದ ಹಕ್ಕಿಗಳನ್ನು ಕೊಂಡು ಹಾರಿಬಿಟ್ಟು ಅಭಯದಾನವಾಯಿತೆಂದು ಸಂತೋಷಪಡುವವರು ಇದನ್ನು ಆಲೋಚಿಸಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ದೇಶದ ಕಾಡುಹಕ್ಕಿಗಳನ್ನು ಹಿಡಿಯುವುದೂ ಮಾರುವುದೂ ಅಪರಾಧ. ಬಿಡಿಸುವವನು ಹಣ ಕೊಡುತ್ತಾನೆಂದು ತಿಳಿದ ಬೇಟೆಗಾರ ಮರುದಿನ ಇನ್ನಷ್ಟು ಬಲೆ ಹಾಸುತ್ತಾನೆ. ಕೃತ-ಕಾರಿತ-ಅನುಮೋದನೆಗಳಲ್ಲಿ ನಡುವಿನದು ಯಾರ ಲೆಕ್ಕಕ್ಕೆ ಹೋಗಬೇಕು?

ಕೊಕ್ಕರೆಬೆಳ್ಳೂರು ಇದಕ್ಕಿಂತ ಗಂಭೀರವಾದ ತೊಡಕನ್ನು ಎದುರಿಗಿಡುತ್ತದೆ. ಅಲ್ಲಿನ ಹುಣಸೆ, ಆಲ, ಅರಳಿ ಮರಗಳ ಮೇಲೆ ಮನೆಗಳ ಸೂರಿಗೆ ತಾಗುವಂತೆ ಹೆಜ್ಜಾರ್ಲೆಗಳು ಗೂಡು ಕಟ್ಟುತ್ತವೆ. ಊರವರು ಅವನ್ನು ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳೆಂದು ಭಾವಿಸುತ್ತಾರೆ. ಹುಣಸೆಯ ಫಸಲು ಕೆಡುವುದನ್ನು ಸಹಿಸುತ್ತಾರೆ. ಅರಣ್ಯ ಇಲಾಖೆ ಅದಕ್ಕೆ ಪರಿಹಾರಧನವನ್ನೂ ಕೊಟ್ಟಿದೆ, 2007ರಲ್ಲಿ ಊರು ಸಮುದಾಯ ಮೀಸಲು ಪ್ರದೇಶವೂ ಆಯಿತು. ಗೂಡಿನಿಂದ ಬಿದ್ದ ಮರಿಗಳನ್ನು ತಾಯಿ ಮತ್ತೆ ಎತ್ತಿಕೊಳ್ಳುವುದಿಲ್ಲ. ಊರಿನ ಹೆಜ್ಜಾರ್ಲೆ ಬಳಗದ ಯುವಕರು ಅಂಥ ಮರಿಗಳನ್ನು ಬೇಲಿ ಕಟ್ಟಿದ ಆವರಣದಲ್ಲಿಟ್ಟು, ಮೀನು ತಿನ್ನಿಸಿ ಬೆಳೆಸುವ ಕೆಲಸ ಮಾಡುತ್ತ ಬಂದರು. ಸೇವೆಗೆಂದು ಬಂದ ಜೈನ ಹುಡುಗನ ಕೈಗೆ ಮೀನಿನ ಬುಟ್ಟಿ ಕೊಟ್ಟರೆ ಅವನು ಏನು ಮಾಡಬೇಕು?

ಒಂದು ಮರಿಯ ಪ್ರಾಣಕ್ಕಾಗಿ ನೂರಾರು ಮೀನುಗಳ ಪ್ರಾಣ. ಇದು ಬೇಸಾಯದಲ್ಲೋ ಅಡುಗೆಯಲ್ಲೋ ತಾನಾಗಿ ಒದಗುವ ಆರಂಭೀ ಹಿಂಸೆಯಲ್ಲ, ಉದ್ಯೋಗೀ ಹಿಂಸೆಯೂ ಅಲ್ಲ. ತಿಳಿದು ತರಿಸಿ ಕೊಡುವುದರಿಂದ ಸಂಕಲ್ಪೀ ಹಿಂಸೆಯ ಸೀಮೆಗೇ ಬರುತ್ತದೆ. ಆದ್ದರಿಂದ ಬುಟ್ಟಿ ಮುಟ್ಟಲಾಗದು. ಆದರೆ ಮುಟ್ಟದೆ ಸುಮ್ಮನಿದ್ದರೆ? ಅಹಿಂಸಾಣುವ್ರತದ ಅತಿಚಾರಗಳಲ್ಲಿ ಅನ್ನಪಾನನಿರೋಧವೂ ಒಂದು. ತನ್ನ ವಶದಲ್ಲಿರುವ ಪ್ರಾಣಿಗೆ ಅದರ ಆಹಾರವನ್ನು ತಪ್ಪಿಸುವುದು ದೋಷ. ಇದರಿಂದ ಹೊರಡುವ ತೀರ್ಮಾನ ಕಹಿಯಾದರೂ ಸ್ಪಷ್ಟ: ತಾನು ಉಣಿಸಲಾರದ ಜೀವವನ್ನು ಶ್ರಾವಕನು ತನ್ನ ವಶಕ್ಕೆ ತೆಗೆದುಕೊಳ್ಳಬಾರದು.

ದೆಹಲಿಯ ಕೆಂಪುಕೋಟೆಯ ಎದುರಿಗಿರುವ ದಿಗಂಬರ ಜೈನ ಲಾಲ್ ಮಂದಿರದ ಪಕ್ಷಿ ಚಿಕಿತ್ಸಾಲಯ ಇದೇ ದಾರಿ ಹಿಡಿದಿದೆ. 1929ರಲ್ಲಿ ಪ್ರಾರಂಭವಾಗಿ, 1957ರಲ್ಲಿ ಮಂದಿರದ ಆವರಣಕ್ಕೆ ಬಂದ ಈ ಸಂಸ್ಥೆಯಲ್ಲಿ ಗಾಳಿಪಟದ ದಾರದಿಂದ ರೆಕ್ಕೆ ಕೊಯ್ದುಕೊಂಡ ಪಾರಿವಾಳ, ಗಿಳಿಗಳನ್ನು ಒಳಗಿಟ್ಟು ಉಪಚರಿಸುತ್ತಾರೆ. ಮಾಂಸಾಹಾರಿ ಹಕ್ಕಿಗಳಿಗೆ ಗಾಯಕ್ಕೆ ಮದ್ದು ಹಾಕಿ ಕಳುಹಿಸುತ್ತಾರೆ, ಒಳಗೆ ಇರಿಸಿಕೊಳ್ಳುವುದಿಲ್ಲ. ರೆಕ್ಕೆ ಮುರಿದ ಹದ್ದನ್ನು ಹೊರಗಿಡುವುದು ಎಂಥ ದಯೆ ಎಂದು ಕೇಳುವವರಿದ್ದಾರೆ. ಅಂಥ ಹದ್ದುಗಳನ್ನು ಸೇರಿಸಿಕೊಂಡು ಮಾಂಸ ಹಾಕಿ ಬದುಕಿಸುವ ಮುಸ್ಲಿಂ ಸೋದರರು ಅದೇ ದೆಹಲಿಯಲ್ಲಿದ್ದಾರೆ. ಅವರನ್ನು ಕುರಿತ ಚಲನಚಿತ್ರ 2022ರಲ್ಲಿ ತೆರೆಗೆ ಬಂದು ಲೋಕಮನ್ನಣೆ ಪಡೆಯಿತು. ಇಬ್ಬರಲ್ಲಿ ಒಬ್ಬರನ್ನು ಹೀನರೆನ್ನುವ ಅಗತ್ಯ ಕಾಣುವುದಿಲ್ಲ. ಜಟಾಯುವಿನ ಕುಲಕ್ಕೆ ಬಾಗಿಲು ಪೂರ್ತಿ ಮುಚ್ಚದೆ ಗಾಯಕ್ಕೆ ಮದ್ದು ಕೊಡುವುದು ವ್ರತಿಯ ಎಲ್ಲೆ. ಅದರಾಚೆ ಮಾಡುವವರನ್ನು ತಡೆಯದಿರುವುದೂ ಹೀಯಾಳಿಸದಿರುವುದೂ ಆ ಎಲ್ಲೆಯೊಳಗಿನ ಸಭ್ಯತೆ. ಅದನ್ನು ನುಂಗುವುದು ಕಷ್ಟವೆಂದು ತೋರಿದರೆ, ಕಷ್ಟವೇ ಸರಿ.

ಕೊಕ್ಕರೆಬೆಳ್ಳೂರಿನ ಹುಡುಗನಿಗೆ ಬೇರೆ ಕೆಲಸವಿಲ್ಲದೆ ಇಲ್ಲ. ಮರವಿದ್ದರೆ ಗೂಡು, ಗೂಡಿದ್ದರೆ ಹಕ್ಕಿ. ಹಳೆಯ ಮರಗಳ ಜಾಗಕ್ಕೆ ಆಲ-ಅರಳಿಯ ಸಸಿಗಳು ಏಳಬೇಕು, ಏಳುವವರೆಗೆ ಅವಕ್ಕೆ ನೀರು ಬೇಕು. ಈ ಕೆಲಸಕ್ಕೆ ಮೀನೂ ಬೇಡ, ಚಿತ್ರವೂ ಸಿಗದು. ಸಸಿ ಮರವಾಗುವ ಹೊತ್ತಿಗೆ ಹುಡುಗನ ತಲೆ ನರೆತಿರುತ್ತದೆ. ಅಂಥದ್ದನ್ನು ಒಪ್ಪಿಕೊಳ್ಳುವವರು ಕಡಿಮೆ.

ಕೊನೆಯದಾಗಿ, ಬಿಡುವಿಲ್ಲದಿರುವುದನ್ನು ಕುರಿತು ಒಂದು ಮಾತು. ಎರಡು ದಿನಗಳಲ್ಲಿ ಒಂದು ಕ್ಷೇತ್ರ, ಒಂದು ಪಕ್ಷಿಗ್ರಾಮ, ಒಂದು ಕೆರೆ, ಒಂದು ಬಸದಿ ಎಂದು ಸಾಲಾಗಿ ಮುಗಿಸುವ ಕುಟುಂಬಕ್ಕೆ ತಾನು ಆಲಸ್ಯವನ್ನು ಗೆದ್ದೆನೆಂಬ ತೃಪ್ತಿ ಇರುತ್ತದೆ. ಆದರೆ ಪ್ರಮಾದವೆಂದರೆ ಸೋಮಾರಿತನ ಮಾತ್ರವಲ್ಲ, ಎಚ್ಚರಗೇಡಿತನ. ಅದು ಮಲಗಿದವನಿಗಿಂತ ಓಡುವವನಲ್ಲಿ ಹೆಚ್ಚು. ಆರೆತಿಪ್ಪೂರಿನಲ್ಲಿ ಜಿನಬಿಂಬದ ಮುಂದೆ ಕೈಮುಗಿದವನು ಹೆಜ್ಜಾರ್ಲೆಯ ಹೊತ್ತು ಮೀರುತ್ತದೆಂದು ಗಡಿಯಾರ ನೋಡುತ್ತಾನೆ. ಹೆಜ್ಜಾರ್ಲೆಯ ಮುಂದೆ ನಿಂತು, ಸೂರ್ಯಾಸ್ತಕ್ಕೆ ಮೊದಲು ಊಟ ಮುಗಿಯಬೇಕೆಂದು ಮತ್ತೆ ಗಡಿಯಾರ ನೋಡುತ್ತಾನೆ. ಸೋಸಿದ ನೀರು, ಕಂದಮೂಲವಿಲ್ಲದ ಪಲ್ಯ, ಚಪಾತಿ ಎಲ್ಲವೂ ಶುದ್ಧ. ಉಂಡದ್ದು ಮಾತ್ರ ಯಾವುದೆಂದು ಅವನಿಗೆ ನೆನಪಿಲ್ಲ. ನಾಲ್ಕರಲ್ಲಿ ಎರಡನ್ನು ಬಿಟ್ಟಿದ್ದರೆ ಉಳಿದೆರಡು ಅವನಿಗೆ ದಕ್ಕುತ್ತಿದ್ದವು. ಭೋಜನದಂತೆ ವಾಹನಕ್ಕೂ ಇಂತಿಷ್ಟು ಕಾಲವೆಂಬ ನಿಯಮ ಮಾಡಿಕೊಳ್ಳಲು ಶ್ರಾವಕಾಚಾರ ಅವಕಾಶ ಕೊಟ್ಟಿರುವುದು ಇಂಥವನಿಗಾಗಿಯೇ ಇರಬೇಕು. ಶುಕ್ರವಾರ ರಾತ್ರಿ ಮನೆಮಂದಿ ಕುಳಿತು, ಇಂಥ ಊರಿನ ಆಚೆಗೆ ಹೋಗುವುದಿಲ್ಲ, ಇಷ್ಟು ಗಳಿಗೆ ಕಾರು ಹತ್ತುವುದಿಲ್ಲ, ಮರದಿಂದ ಇಷ್ಟು ಮಾರು ಈಚೆಗೇ ನಿಲ್ಲುತ್ತೇವೆ ಎಂದು ಮಕ್ಕಳ ಬಾಯಿಂದಲೇ ಹೇಳಿಸಿದರೆ ಅದಕ್ಕೆ ಐದು ನಿಮಿಷ ಸಾಕು.

ಎಣಿಕೆಯ ನಾಲ್ಕನೆಯ ದಿನ ಸೋಮವಾರ. ಗಂಡ-ಹೆಂಡತಿ ಕಚೇರಿಗೆ, ಮಕ್ಕಳು ಶಾಲೆಗೆ ಹೋಗಿರುತ್ತಾರೆ. ಮಂಡಿನೋವಿನಿಂದ ಪ್ರಯಾಣಕ್ಕೆ ಬಾರದ ಅಜ್ಜಿಗೆ ಆ ದಿನದ ಎಲ್ಲೆ ಮನೆಯ ಮಾಳಿಗೆ. ಪ್ರೋಷಧದ ದಿನವಾದರೆ ಆರಂಭವೂ ಇಲ್ಲ. ಬೆಳಗಿನ ಸಾಮಾಯಿಕ ಮುಗಿಸಿ ಅಲ್ಲಿ ಕುಳಿತರೆ 15 ನಿಮಿಷಕ್ಕೆ ಕಾಗೆ ಆರು, ಪಾರಿವಾಳ ಹನ್ನೊಂದು, ಗಿಳಿ ಎರಡು, ಮೇಲೆ ಸುತ್ತುವ ಹದ್ದು ಒಂದು ಸಿಗಬಹುದು. ಮೊಮ್ಮಗ ಶಾಲೆಯಿಂದ ಬಂದ ಮೇಲೆ ಅದನ್ನು ಬರೆದು ಕಳುಹಿಸಿದರಾಯಿತು. ಎಣಿಸುವವರು ಆ ಪಟ್ಟಿಯನ್ನೂ ತೆಗೆದುಕೊಳ್ಳುತ್ತಾರೆ.